ಮೀನಿನ ತೊಟ್ಟಿಯಲ್ಲಿ ಕಾಣದ ಅನಿಲ



ಬಣ್ಣದ ಮೀನು ಸಾಕಿ ಮಾರುವುದು ಮನೆಯಲ್ಲೇ ಇದ್ದು ಮಾಡಬಹುದಾದ ಕೆಲಸ. 2020ರಲ್ಲಿ ಆರಂಭವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕವನ್ನೂ ಸೇರಿಸಿದರು. ಆದರೆ ಸಂಘದಿಂದ ಸಾಲ ತೆಗೆದು ತಂದ ಮೀನು ಒಂದೇ ರಾತ್ರಿಯಲ್ಲಿ ಸತ್ತರೆ, ನಮಗೆ ಉಳಿಯುವುದು ಕಂತು ಮಾತ್ರ. ರಾತ್ರಿ ಚೆನ್ನಾಗಿದ್ದ ಮೀನು ಬೆಳಗಾಗುವಷ್ಟರಲ್ಲಿ ಯಾಕೆ ಸಾಯುತ್ತದೆ? ತಿಳಿದುಕೊಳ್ಳೋಣ.

ಅನಿಲ ಕರಗುವುದು ಹೇಗೆ?

ಕೌಲ್ ಬಜಾರಿನ ಬಿಸಿಲಿನಲ್ಲಿ ಗೋಲಿ ಸೋಡಾ ಕುಡಿಯದವರು ಯಾರಿದ್ದಾರೆ? ಗೋಲಿ ಒತ್ತಿದ ಕೂಡಲೇ ಬುಸ್ ಅಂತ ಬರುವುದೇ ಇಂಗಾಲದ ಡೈಆಕ್ಸೈಡ್. ಅದನ್ನು ಒತ್ತಡದಿಂದ ನೀರಿನಲ್ಲಿ ಕರಗಿಸಿರುತ್ತಾರೆ. ಒತ್ತಡ ಹೋದರೆ ಹೊರಗೆ ಬರುತ್ತದೆ. ಗಾಳಿಗೆ ತೆರೆದಿಟ್ಟ ಶುದ್ಧ ನೀರಿನಲ್ಲಿ ಅದು ಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂ ಮಾತ್ರ ಇರುತ್ತದೆ. ತೊಟ್ಟಿಯಲ್ಲಿ ಮೀನಿನ ಉಸಿರು, ಕೊಳೆಯುವ ಆಹಾರ ಎರಡೂ ಸೇರಿ ಅದನ್ನು ಹೆಚ್ಚಿಸುತ್ತವೆ. ಕರಗಿದ್ದರಲ್ಲಿ ಅಲ್ಪ ಭಾಗ ಕಾರ್ಬಾನಿಕ್ ಆಮ್ಲವಾಗಿ ನೀರಿನ ಆಮ್ಲತೆ ಹೆಚ್ಚುತ್ತದೆ.

ಹಗಲು ಬೆಳಕಿದ್ದಾಗ ನೀರಿನ ಗಿಡಗಳು ಈ ಅನಿಲ ತೆಗೆದುಕೊಂಡು ಆಮ್ಲಜನಕ ಕೊಡುತ್ತವೆ. ರಾತ್ರಿ ಗಿಡವೂ ಮೀನಿನ ಹಾಗೆ ಆಮ್ಲಜನಕವನ್ನೇ ಬಳಸುತ್ತದೆ. ಆದ್ದರಿಂದ ಬೆಳಗಿನ ಜಾವಕ್ಕೆ ಆಮ್ಲಜನಕ ತೀರಾ ಕಡಿಮೆ, ಇಂಗಾಲದ ಡೈಆಕ್ಸೈಡ್ ತೀರಾ ಹೆಚ್ಚು. ಇದು ಹೆಚ್ಚಾದಾಗ ಮೀನಿನ ರಕ್ತ ಆಮ್ಲಜನಕವನ್ನು ಸರಿಯಾಗಿ ಹಿಡಿಯಲಾರದು.

ಬಳ್ಳಾರಿ ಬೇಸಿಗೆಯಲ್ಲಿ ಕಷ್ಟ ಇನ್ನೂ ಹೆಚ್ಚು. 25 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 35 ಡಿಗ್ರಿಯಲ್ಲಿ ಸುಮಾರು 7 ಮಾತ್ರ. ಬಿಸಿ ನೀರಿನಲ್ಲಿ ಮೀನಿಗೆ ಬೇಕಾದದ್ದು ಮಾತ್ರ ಜಾಸ್ತಿ.

ನಾವು ಏನು ಮಾಡಬೇಕು?

1. ಬೆಳಗಿನ ಜಾವ ಎದ್ದು ತೊಟ್ಟಿ ನೋಡಿರಿ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅಪಾಯ.

2. ಗುಳ್ಳೆ ಬಿಡುವ ಮೋಟಾರಿನ ದೊಡ್ಡ ಉಪಯೋಗ ನೀರಿನ ಮೇಲ್ಮೈ ಕದಡುವುದು. ಅಲ್ಲಿಂದಲೇ ಕೆಟ್ಟ ಅನಿಲ ಹೊರಗೆ ಹೋಗಿ ಆಮ್ಲಜನಕ ಒಳಗೆ ಬರುತ್ತದೆ. ಕರೆಂಟ್ ಹೋದರೆ ಚೊಂಬಿನಿಂದ ನೀರು ಎತ್ತಿ ಎತ್ತಿ ಸುರಿಯಿರಿ.

3. ಆಳದ ತೊಟ್ಟಿಗಿಂತ ಬಾಯಿ ಅಗಲವಾದ ತೊಟ್ಟಿ ಒಳ್ಳೆಯದು. ಮೀನು ಕಿಕ್ಕಿರಿಯಬಾರದು.

4. ಬೋರ್ ನೀರಿನಲ್ಲಿ ಈ ಅನಿಲ ಹೆಚ್ಚಿರಬಹುದು. ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟು, ಆಗಾಗ ಕದಡಿ, ಆಮೇಲೆ ಹಾಕಿರಿ.

5. ಐದು ನಿಮಿಷದಲ್ಲಿ ತಿನ್ನುವಷ್ಟೇ ಆಹಾರ ಹಾಕಿರಿ. ಉಳಿದದ್ದನ್ನು ತೆಗೆಯಿರಿ.

ಸಂಘದ ಸಭೆಯಲ್ಲಿ ಚರ್ಚಿಸಿರಿ: ಮೀನಿಗೆ ಸಾಲ ಕೇಳುವ ಸದಸ್ಯೆಯ ಮನೆಯಲ್ಲಿ ತೊಟ್ಟಿಗೆ ನೆರಳಿದೆಯೇ? ರಾತ್ರಿ ಕರೆಂಟ್ ಹೋದರೆ ನೋಡುವವರು ಯಾರು? ಇವೆರಡಕ್ಕೂ ಉತ್ತರ ಸಿಕ್ಕ ಮೇಲೆ ಸಾಲ ಮಂಜೂರು ಮಾಡಿರಿ.