ಅವಸರ ಹುಟ್ಟುವುದು ಆಫೀಸಿನಲ್ಲಿ

ಕಳಸದ ಸುತ್ತ ಕಾಫಿ ತೋಟಗಳಿರುವ ಕಂಪನಿಯೊಂದರಲ್ಲಿ ಜೀಪು, ಪಿಕಪ್, ಟ್ರ್ಯಾಕ್ಟರುಗಳ ಉಸ್ತುವಾರಿ ನನ್ನದು. ಡ್ರೈವರುಗಳಿಗೆ ಬುದ್ಧಿ ಹೇಳುವ ಪೋಸ್ಟರನ್ನು ನಾನು ಅಂಟಿಸುವುದಿಲ್ಲ. ಕೆಲಸಕ್ಕೆ ಬಂದ ಪಾಠಗಳು ಬೇರೆಯೇ.

1. ಡ್ರೈವರು ಯಾಕೆ ಜೋರಾಗಿ ಓಡಿಸುತ್ತಾನೆಂದು ಹಿಂದಕ್ಕೆ ಹೋಗಿ ನೋಡಿ. ಕೊಯ್ಲಿನ ಕಾಲದಲ್ಲಿ ಹಣ್ಣು ಸಂಜೆ ತೂಕವಾಗಿ ಅಂದೇ ಸಿಪ್ಪೆ ಸುಲಿಯುವ ಪಲ್ಪರಿಗೆ ಬೀಳಬೇಕು. ಬಿಟ್ಟರೆ ಹುದುಗೆದ್ದು ಕಾಫಿಯ ರುಚಿ ಕೆಡುತ್ತದೆ. ತೂಕ ತಡವಾದರೆ ಆಳುಗಳ ಗಾಡಿ ಹೊರಡುವುದು ಕತ್ತಲಾದ ಮೇಲೆ. ಅವರನ್ನು ಮನೆ ಮುಟ್ಟಿಸಿ ಬಂದವನೇ ಹಣ್ಣಿನ ಟ್ರಿಪ್ಪನ್ನೂ ಹೊಡೆಯಬೇಕು. ಅವನಿಗೆ ‘ನಿಧಾನ ಹೋಗು ಮಾರಾಯ’ ಎನ್ನುವುದು ಬರೀ ಬಾಯುಪಚಾರ. ಕೊಯ್ಲನ್ನು ಅರ್ಧ ಗಂಟೆ ಮುಂಚೆ ನಿಲ್ಲಿಸಿ, ಜನಕ್ಕೂ ಹಣ್ಣಿಗೂ ಬೇರೆ ಗಾಡಿ, ಬೇರೆ ಡ್ರೈವರು ಕೊಡಿ. ಸಾಹುಕಾರರ ಮುಖ ಸಣ್ಣದಾಗುತ್ತದೆ, ಆಗಲಿ.

2. ಸರಕಿನ ಪಿಕಪ್ಪಿನಲ್ಲಿ ಜನ ತುಂಬಬೇಡಿ. ‘ನಾಲ್ಕು ಹೆಜ್ಜೆ ದಾರಿ’ ಎಂಬ ನೆವವೂ ಬೇಡ.

3. ಡೀಸೆಲ್ ಲೆಕ್ಕವನ್ನು ಹುಷಾರಾಗಿ ಕೇಳಿ. ‘ಆವರೇಜ್ ಯಾಕೆ ಇಳಿಯಿತು?’ ಎಂದು ಆಫೀಸು ಪೀಡಿಸಿದಾಗಲೇ ಡ್ರೈವರು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವುದು. ಎಸ್.ಕೆ. ಬಾರ್ಡರ್ ದಾಟಿ ಮಾಳದ ಕಡೆ ಇಳಿಯುವ ಘಾಟಿಯಲ್ಲಿ ಹಾಗೆ ಮಾಡಿದರೆ ಭಾರವೆಲ್ಲ ಬ್ರೇಕಿನ ಮೇಲೆ. ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಎಂಜಿನ್ನನ್ನೇ ಆಫ್ ಮಾಡುವವರೂ ಇದ್ದಾರೆ. ಆಗ ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗ್ ಕೈಕೊಡುತ್ತದೆ. ತಮಾಷೆಯೆಂದರೆ ನ್ಯೂಟ್ರಲ್ ಹಾಕುವುದರಿಂದ ಉಳಿತಾಯವೂ ಇಲ್ಲ. ಈಗಿನ ಡೀಸೆಲ್ ಎಂಜಿನ್ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡಲು ಕುಡಿಯುತ್ತಲೇ ಇರುತ್ತದೆ. ಹತ್ತುವ ಗೇರಿನಲ್ಲೇ ಇಳಿಯಿರಿ ಎಂದು ಹಳೆಯ ಡ್ರೈವರುಗಳು ಹೇಳುತ್ತಿದ್ದುದು ಸರಿಯೇ.

4. ದಾರಿಯಲ್ಲಿರುವವನಿಗೆ ಫೋನು ಮಾಡಬೇಡಿ. ನಮ್ಮ ಗುಡ್ಡಗಳಲ್ಲಿ ನೆಟ್‌ವರ್ಕ್ ಸಿಗುವುದು ಕೆಲವೇ ತಿರುವುಗಳಲ್ಲಿ. ಅಲ್ಲಿ ಮಿಸ್ಡ್ ಕಾಲ್‌ಗಳೆಲ್ಲ ಒಟ್ಟಿಗೆ ಗುಂಯ್ಗುಡುತ್ತವೆ, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ‘ಎಲ್ಲಿ ಮುಟ್ಟಿದೆ?’ ಎಂದು ಕೇಳಿದ ತೋಟದ ರೈಟರಿಗೂ ಅದರಲ್ಲಿ ಪಾಲಿದೆ.

5. ಮಳೆಗಾಲದಲ್ಲಿ ವಾಪಸ್ ಬರುವ ಅಧಿಕಾರವನ್ನು ಡ್ರೈವರಿಗೇ ಕೊಡಿ, ಸಂಬಳ ಕಡಿಯಬೇಡಿ. ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿದದ್ದನ್ನು ಎಷ್ಟೋ ಸಲ ಕಂಡಿದ್ದೇವೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯೇ ಕುಸಿದು ಸಂಚಾರ ಕಡಿದುಹೋಯಿತು. ನೀರೆಷ್ಟಿದೆ ಎಂಬುದು ದಡದಲ್ಲಿ ನಿಂತವನಿಗೆ ಕಾಣುತ್ತದೆ, ಆಫೀಸಿನಲ್ಲಿ ಕೂತವನಿಗಲ್ಲ.

6. ಏರು ಹತ್ತುವ ಗಾಡಿಗೆ ಮೊದಲು ದಾರಿ. 2017ರ ಚಾಲನಾ ನಿಯಮಗಳೂ ಇದನ್ನೇ ಹೇಳುತ್ತವೆ. ನಮ್ಮವರಿಗೆ ಗೊತ್ತು, ಶನಿವಾರ ಭಾನುವಾರ ಬರುವ ಪ್ರವಾಸಿಗರಲ್ಲಿ ಹಲವರಿಗೆ ಗೊತ್ತಿಲ್ಲ. ಹಾಗಾಗಿ ಆ ಎರಡು ದಿನ ಲೋಡ್ ಕಳಿಸುವುದನ್ನೇ ಕಡಿಮೆ ಮಾಡಿದ್ದೇವೆ.

7. ಸೀಟ್ ಬೆಲ್ಟು ಸಾಹುಕಾರರ ಕಾರಿನ ಹಿಂದಿನ ಸೀಟಿಗೂ ಕಡ್ಡಾಯ. ಜಾರಿಗೆ ಬರಲು ಮೇಲಿನ ಆರಕ್ಕಿಂತ ಹೆಚ್ಚು ಕಾಲ ಹಿಡಿದದ್ದು ಇದೊಂದೇ.