‘ಪುಟ್ ಆಫ್’ ಕಲಿಸುತ್ತಾ ಕಂಡುಕೊಂಡದ್ದು

ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ‘ಪುಟ್’ ಗೊತ್ತು, ‘ಆಫ್’ ಗೊತ್ತು. ಎರಡೂ ಸೇರಿದಾಗ ತಡವರಿಸುತ್ತಾರೆ. ಇಂಗ್ಲಿಷ್ ಪಾಠ ಮಾಡುವ ಕಿರಿಯ ಗೆಳೆಯರಿಗಾಗಿ ಈ ಮಾತುಗಳು.

1. ಅರ್ಥದ ಪಟ್ಟಿ ಬಾಯಿಪಾಠ ಮಾಡಿಸಬೇಡಿ. ಕರ್ಮಪದ ಯಾವುದೆಂದು ಕೇಳಿ. ಸಭೆ, ಮದುವೆ, ಪರೀಕ್ಷೆ ಇದ್ದರೆ ‘ಮುಂದೂಡು’ ಎಂದೇ ಅರ್ಥ. ‘ದೇ ಪುಟ್ ಆಫ್ ದ ವೆಡ್ಡಿಂಗ್ ಟಿಲ್ ಮೇ’ ಅಂದರೆ ಮದುವೆ ಮೇ ತಿಂಗಳಿಗೆ ಹೋಯಿತು. ಕರ್ಮದ ಜಾಗದಲ್ಲಿ ಮನುಷ್ಯ ಬಂದರೆ ಸ್ವಲ್ಪ ನಿಧಾನಿಸಬೇಕು. ‘ದ ಸ್ಮೆಲ್ ಪುಟ್ ಮಿ ಆಫ್’ ಅಂದರೆ ಆ ವಾಸನೆಗೇ ಊಟ ಬೇಡವೆನಿಸಿತು. ‘ಐ ಪುಟ್ ಹಿಮ್ ಆಫ್ ಟಿಲ್ ಮಂಡೇ’ ಅಂದರೆ ಸಾಲ ವಸೂಲಿಗೆ ಬಂದವನನ್ನು ಸೋಮವಾರ ಬಾ ಎಂದು ಸಾಗಹಾಕಿದೆ. ಮೊದಲನೆಯದರಲ್ಲಿ ಕೆಲಸ ಮಾಡಿದ್ದು ವಾಸನೆ, ಎರಡನೆಯದರಲ್ಲಿ ಮನುಷ್ಯ. ಜೊತೆಗೆ ಗಡುವಿನ ದಿನವೂ ಇದೆ. ಮಕ್ಕಳು ಇಷ್ಟನ್ನು ಗಮನಿಸಿದರೆ ನಿಘಂಟು ತೆರೆಯದೆಯೇ ಅರ್ಥ ಹಿಡಿಯುತ್ತಾರೆ. ಬ್ರಿಟಿಷರ ಬಳಕೆ ಇನ್ನೊಂದಿದೆ: ಬರೆಯುವವರ ಹೆಗಲ ಮೇಲಿಂದ ಇಣುಕಿದರೆ ‘ಯೂ ಆರ್ ಪುಟಿಂಗ್ ಮಿ ಆಫ್’ ಅಂದಾರು, ಗಮನ ಕೆಡಿಸುತ್ತಿದ್ದೀಯ ಎಂದು.

2. ‘ಇಟ್’ ಇರಬೇಕಾದ್ದು ನಡುವೆ. ‘ಪುಟ್ ಆಫ್ ದ ಟೆಸ್ಟ್’, ‘ಪುಟ್ ದ ಟೆಸ್ಟ್ ಆಫ್’ ಎರಡೂ ಸರಿ. ‘ಪುಟ್ ಇಟ್ ಆಫ್’ ಸರಿ, ‘ಪುಟ್ ಆಫ್ ಇಟ್’ ತಪ್ಪು. ಇದನ್ನು ಕಿವಿಯಿಂದಲೇ ಕಲಿಯಬೇಕು. ನಾನು ‘ದ ಟ್ರಿಪ್’ ಅನ್ನುತ್ತೇನೆ, ತರಗತಿ ‘ಪುಟ್ ಇಟ್ ಆಫ್’ ಅನ್ನುತ್ತದೆ. ‘ದ ಎಕ್ಸಾಮ್ಸ್’ ಅಂದರೆ ‘ಪುಟ್ ದೆಮ್ ಆಫ್’ ಎಂದು ಹಿಂದಿನ ಬೆಂಚಿನವರ ದನಿಯೇ ಜೋರು.

3. ಮುಂದೆ ಕ್ರಿಯಾಪದ ಬಂದರೆ ‘ಇಂಗ್’ ಹಚ್ಚಬೇಕು: ‘ಹಿ ಪುಟ್ ಆಫ್ ಗೋಯಿಂಗ್’. ‘ಟು ಗೋ’ ಸಲ್ಲದು. ಕನ್ನಡದ ‘ಹೋಗುವುದನ್ನು ಮುಂದೂಡಿದ’ ಎಂಬ ರಚನೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅದನ್ನೇ ಬೋರ್ಡಿನ ಮೇಲೆ ಪಕ್ಕದಲ್ಲಿ ಬರೆಯಿರಿ.

4. ‘ಪುಟ್ ಆಫ್ ದ ಲೈಟ್’ ಬರೆದ ಮಗುವಿಗೆ ಅಂಕ ಕಳೆಯುವುದು ನನಗೆ ಒಪ್ಪಿಗೆಯಿಲ್ಲ. ಬ್ರಿಟಿಷ್ ಇಂಗ್ಲಿಷಿನಲ್ಲೂ ಈ ಅರ್ಥ ಉಂಟು. ಈಗ ‘ಸ್ವಿಚ್ ಆಫ್’, ‘ಟರ್ನ್ ಆಫ್’ ಹೆಚ್ಚು ಚಾಲ್ತಿಯಲ್ಲಿವೆ ಎಂದು ತಿಳಿಸಿದರೆ ಸಾಕು. ತಿದ್ದಲೇಬೇಕಾದ್ದು ‘ಆಫ್ ದ ಫ್ಯಾನ್’; ಅಲ್ಲಿ ಕ್ರಿಯಾಪದವೇ ಇಲ್ಲ. ಮೇಣದಬತ್ತಿ, ಬೆಂಕಿ ಆರಿಸುವುದಕ್ಕೆ ‘ಪುಟ್ ಔಟ್’.

5. ‘ಕಾಲ್ ಆಫ್’ ಅನ್ನೂ ಜೊತೆಗೇ ಹೇಳಿಕೊಡಿ. ಬಸ್ ಮುಷ್ಕರ ‘ಕಾಲ್ಡ್ ಆಫ್’ ಆದರೆ ಮುಷ್ಕರವೇ ಕೈಬಿಟ್ಟಂತೆ. ‘ಪುಟ್ ಆಫ್’ ಆದರೆ ಇನ್ನೊಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಕಾಯುವುದು ತಪ್ಪಿದ್ದಲ್ಲ. ಹಳ್ಳಿಯಿಂದ ಬರುವ ಮಕ್ಕಳಿಗೆ ಈ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ.

6. ‘ಪುಟ್ಟೆಡ್’ ಎಂಬ ರೂಪವಿಲ್ಲ. ‘ಹಿ ಪುಟ್ ಇಟ್ ಆಫ್’ ನಡೆದುಹೋದ ಮಾತು, ‘ಹಿ ಪುಟ್ಸ್ ಇಟ್ ಆಫ್’ ಅವನ ರೂಢಿ.

7. ಕಚೇರಿಯ ಪತ್ರ, ಸುತ್ತೋಲೆಗಳಿಗೆ ‘ಪೋಸ್ಟ್‌ಪೋನ್’ ಒಪ್ಪುತ್ತದೆ. ಗೆಳೆಯರ ನಡುವಿನ ಮಾತಿಗೆ ‘ಪುಟ್ ಆಫ್’ ಹಿತ.