ನಡುಕಕ್ಕೆ ಅಯಸ್ಕಾಂತ: ಔಷಧವೋ, ಅಳತೆಗೋಲೋ?

ವಯಸ್ಸಾದವರ ಕೈ ನಡುಗಿದರೆ ‘ವಯಸ್ಸಾಯಿತು, ಇನ್ನೇನು’ ಎಂದು ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ‘ತಲೆಗೆ ಅಯಸ್ಕಾಂತ ಹಿಡಿದು ವಾಸಿ ಮಾಡುತ್ತಾರಂತೆ, ಮಾತ್ರೆಯೇ ಬೇಡವಂತೆ’ ಎನ್ನುವವರೂ ಇದ್ದಾರೆ. ಎರಡೂ ತಪ್ಪು ತಿಳಿವಳಿಕೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬೆಂಗಳೂರಿನ ಬಸ್ಸು ಹತ್ತುವ ಮೊದಲು ನಿಜಾಂಶ ತಿಳಿದಿರಲಿ.

ಕೆಲಸ ಮಾಡುವ ಬಗೆ

ಬದಲಾಗುವ ಕಾಂತಕ್ಷೇತ್ರ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿದರು. ಇದೇ ತತ್ತ್ವದ ಮೇಲೆ 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ಮಿದುಳನ್ನು ಪ್ರಚೋದಿಸುವ ಉಪಕರಣ ರೂಪಿಸಿದರು. ಇದಕ್ಕೆ ಟಿ.ಎಂ.ಎಸ್. ಎಂದು ಹೆಸರು. ತಂತಿಯ ಸುರುಳಿಯನ್ನು ತಲೆಯ ಮೇಲಿಟ್ಟು, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತು ಪ್ರಬಲ ಕಾಂತಸ್ಪಂದ ಹಾಯಿಸುತ್ತಾರೆ. ಅದು ತಲೆಬುರುಡೆಯನ್ನು ದಾಟಿ ಮಿದುಳಿನ ಮೇಲ್ಪದರದಲ್ಲಿ ಸಣ್ಣ ವಿದ್ಯುತ್ತು ಹುಟ್ಟಿಸುತ್ತದೆ. ಕೈಯನ್ನು ಆಳುವ ಜಾಗಕ್ಕೆ ತಾಗಿದರೆ ಹೆಬ್ಬೆರಳು ತಾನಾಗಿ ಅದುರುತ್ತದೆ. ಕೊಯ್ಯುವುದಿಲ್ಲ, ಅರಿವಳಿಕೆ ಬೇಕಿಲ್ಲ.

ಅಂಗಡಿಯಲ್ಲಿ ಮಾರುವ ಕಾಂತದ ಬಳೆ, ಹಾಸಿಗೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಅವುಗಳ ಕಾಂತಶಕ್ತಿ ದುರ್ಬಲ, ಮೇಲಾಗಿ ಬದಲಾಗದೆ ಇರುವಂಥದು. ಅವು ಮಿದುಳಿನಲ್ಲಿ ಇಂಥ ವಿದ್ಯುತ್ತನ್ನು ಹುಟ್ಟಿಸಲಾರವು.

ಸಂಶೋಧನೆ ಹೇಳುವುದೇನು?

ಮೊದಲನೆಯದಾಗಿ ಇದೊಂದು ಅಳತೆಗೋಲು. ಮಿದುಳಿನ ಆಜ್ಞೆ ಕೈಗೆ ತಲುಪಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಇದರಿಂದ ಅಳೆಯಬಹುದು. ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ತಜ್ಞರು, ವಂಶಪಾರಂಪರ್ಯವಾಗಿ ಬರುವ, ನಡಿಗೆ ಓಲಾಡಿಸುವ ಅಟಾಕ್ಸಿಯಾ ರೋಗದ ಮೂರು ಬಗೆಗಳನ್ನು ಹೀಗೆ ಅಳೆದು ಹೋಲಿಸಿ 2013ರಲ್ಲಿ ಪ್ರಕಟಿಸಿದ್ದಾರೆ.

ಎರಡನೆಯದು ಚಿಕಿತ್ಸೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ, ಅಂದರೆ ಕಂಪವಾತದಲ್ಲಿ, ಮಿದುಳಿನ ಆಳದಲ್ಲಿರುವ ಡೋಪಮಿನ್ ತಯಾರಿಸುವ ಜೀವಕೋಶಗಳು ನಶಿಸುತ್ತವೆ. ಸಾಮಾನ್ಯ ಸುರುಳಿಯ ಪ್ರಭಾವ ಎರಡು-ಮೂರು ಸೆಂಟಿಮೀಟರ್ ಆಳಕ್ಕಷ್ಟೇ ಮುಟ್ಟುತ್ತದೆ. ಸತ್ತ ಕೋಶಗಳನ್ನು ಅದು ಬದುಕಿಸಲಾರದು. ಆದರೆ ಆಳದ ಭಾಗಗಳೊಡನೆ ನಂಟಿರುವ ಮೇಲ್ಪದರವನ್ನು ಮತ್ತೆ ಮತ್ತೆ ಪ್ರಚೋದಿಸಿದಾಗ ಕೆಲವರಲ್ಲಿ ಚಲನೆಯ ನಿಧಾನ, ಬಿಗಿತ ಸ್ವಲ್ಪ ತಗ್ಗುತ್ತವೆ. ಯೂರೋಪಿನ ತಜ್ಞರು 2020ರಲ್ಲಿ ಇದನ್ನು ‘ಬಹುಶಃ ಫಲಕಾರಿ’ ಎಂಬ ದರ್ಜೆಗೆ ಸೇರಿಸಿದರು, ‘ಖಚಿತ’ ಎನ್ನಲಿಲ್ಲ. ಗುಣ ಕಂಡರೂ ಅದು ಶಾಶ್ವತವಲ್ಲ. ಸಾಮಾನ್ಯವಾಗಿ ವಾರಗಟ್ಟಲೆ ದಿನವೂ ಹೋಗಬೇಕು. ಹಾಸನದಿಂದ ಸುಮಾರು 180 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಅಷ್ಟು ದಿನ ತಂಗುವ ಖರ್ಚನ್ನೂ ಲೆಕ್ಕ ಹಾಕಿ.

ಮೂರ್ಛೆರೋಗವುಳ್ಳವರು, ತಲೆಯಲ್ಲಿ ಲೋಹದ ಕ್ಲಿಪ್, ಕಿವಿಯೊಳಗೆ ಶ್ರವಣ ಸಾಧನ ಅಥವಾ ಹೃದಯಕ್ಕೆ ಪೇಸ್‌ಮೇಕರ್ ಕೂಡಿಸಿಕೊಂಡವರು ಅದನ್ನು ಮೊದಲೇ ತಿಳಿಸಬೇಕು. ಇವರಿಗೆ ಅಪಾಯವಾಗಬಹುದು.

ನೀವು ಮಾಡಬೇಕಾದ್ದು

* ನಡುಕ ಯಾವಾಗ ಬರುತ್ತದೆ ಎಂದು ಗಮನಿಸಿ. ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈ ನಡುಗುವುದು, ಅಕ್ಷರ ಚಿಕ್ಕದಾಗುತ್ತ ಹೋಗುವುದು, ನಡೆಯುವಾಗ ಒಂದು ಕೈ ಬೀಸದಿರುವುದು ಪಾರ್ಕಿನ್ಸನ್ ಕಾಯಿಲೆಯ ಸೂಚನೆಗಳು. ಕಾಫಿ ಲೋಟ ಎತ್ತಿದಾಗ ಮಾತ್ರ ನಡುಗಿದರೆ ಕಾರಣ ಬೇರೆ ಇರಬಹುದು. ಥೈರಾಯ್ಡ್ ಹೆಚ್ಚಾದಾಗಲೂ ಹೀಗಾಗುತ್ತದೆ.

* ತಾಲ್ಲೂಕು ಆಸ್ಪತ್ರೆಗಾಗಲಿ, ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾಗಲಿ ಹೋಗುವಾಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ಕೊಂಡೊಯ್ಯಿರಿ. ತಲೆಸುತ್ತು, ವಾಂತಿ, ಮಾನಸಿಕ ಕಾಯಿಲೆಗಳಿಗೆ ಕೊಡುವ ಕೆಲವು ಔಷಧಗಳೇ ನಡುಕ, ಬಿಗಿತ ತರುವುದುಂಟು. ಬದಲಿಸಬೇಕೆ ಎಂಬುದನ್ನು ವೈದ್ಯರೇ ಹೇಳಲಿ.

* ಲೆವೊಡೋಪ ಮಾತ್ರೆಯನ್ನು ಯಾರ ಮಾತು ಕೇಳಿಯೂ ತಟ್ಟನೆ ನಿಲ್ಲಿಸಬೇಡಿ. ಮೈ ಮರಗಟ್ಟಿ, ತೀವ್ರ ಜ್ವರ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಪಾರ್ಕಿನ್ಸನ್ ಕಾಯಿಲೆಗೆ ಇಂದಿಗೂ ಮುಖ್ಯ ಔಷಧ ಅದೇ.

* ಯಾರಾದರೂ ಟಿ.ಎಂ.ಎಸ್. ಮಾಡಿಸಿಕೊಳ್ಳಿ ಎಂದರೆ, ‘ಇದು ಸಂಶೋಧನೆಯೋ, ಚಿಕಿತ್ಸೆಯೋ?’ ಎಂದು ಕೇಳಿ. ಸಂಶೋಧನೆಯಾದರೆ ಅದಕ್ಕೆಂದೇ ಆಗುವ ಖರ್ಚನ್ನು ರೋಗಿಯ ಮೇಲೆ ಹೊರಿಸಬಾರದೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಯಮ. ನಿಮಗೆ ತಿಳಿಯುವ ಕನ್ನಡದಲ್ಲಿ ವಿವರಿಸಿ, ಒಪ್ಪಿಗೆ ಪಡೆದೇ ಮುಂದುವರಿಯಬೇಕು.

ನಡುಕ ಶುರುವಾದ ದಿನಗಳಲ್ಲೇ ಕಾರಣ ಪತ್ತೆಯಾದರೆ, ಸರಿಯಾದ ಮಾತ್ರೆ ಮತ್ತು ದಿನನಿತ್ಯದ ವ್ಯಾಯಾಮದಿಂದ ಬಹುಪಾಲು ರೋಗಿಗಳು ಅನೇಕ ವರ್ಷ ತಮ್ಮ ಕೆಲಸವನ್ನು ತಾವೇ ಮಾಡಿಕೊಂಡಿರಬಹುದು. ಅಯಸ್ಕಾಂತದ ದಾರಿ ಕಾಯುತ್ತ ಆ ಕಾಲವನ್ನು ಕಳೆದುಕೊಳ್ಳಬೇಡಿ.